ಖಾಲಿ ಕುರ್ಚಿಯ ಲೆಕ್ಕ

ಆಟವೊಂದು ನಡೆಯಬೇಕಾದರೆ ಆಟಗಾರರು ಬೇಕು, ತೀರ್ಪುಗಾರರು ಬೇಕು, ಮೈದಾನ ಬೇಕು. ಇವೆಲ್ಲ ನಮಗೆ ತಿಳಿದ ಸಂಗತಿಗಳೇ. ಆದರೆ ಆ ಮೈದಾನದ ಸುತ್ತಲಿನ ಸಾವಿರಾರು ಕುರ್ಚಿಗಳಲ್ಲಿ ಜನ ಬಂದು ಕೂಡುವಂತೆ ಮಾಡುವುದೂ ಒಂದು ಉದ್ಯೋಗವೇ. ಅದರಲ್ಲಿಯೇ ಆಯುಷ್ಯ ಸವೆಸಿದವರೂ ಇದ್ದಾರೆ. ಅಂಥವರೊಬ್ಬರ ಪರಿಚಯ ನನಗೆ 2018ರಲ್ಲಿ ಆಯಿತು.

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನನ್ನ ಮಗಳ ಸಂಸಾರವಿದೆ. ಆ ವರ್ಷದ ಬೇಸಗೆಯನ್ನು ನಾನು ಅಲ್ಲಿ ಕಳೆದೆ. ನೆರೆಮನೆಯ ಹಿರಿಯರು ಬೇರೊಂದು ನಗರದ ವೃತ್ತಿಪರ ಫುಟ್ಬಾಲ್ ತಂಡದಲ್ಲಿ ಟಿಕೆಟು ಮಾರಾಟ ವಿಭಾಗದ ನಿರ್ದೇಶಕರಾಗಿದ್ದು ನಿವೃತ್ತರಾದವರು. ತಮ್ಮ ಹೆಸರಾಗಲಿ ತಂಡದ ಹೆಸರಾಗಲಿ ಬೇಡವೆಂಬುದು ಅವರ ಅಪೇಕ್ಷೆ. ಆದಕಾರಣ ನಿರ್ದೇಶಕರು ಎಂದಷ್ಟೇ ಕರೆಯುತ್ತೇನೆ.

ಅಮೆರಿಕನ್ನರು ಈ ಆಟವನ್ನು ಸಾಕರ್ ಎನ್ನುತ್ತಾರೆ. 1994ರಲ್ಲಿ ಅಲ್ಲಿ ವಿಶ್ವಕಪ್ ನಡೆದಾಗ 35 ಲಕ್ಷಕ್ಕೂ ಮಿಕ್ಕಿ ಪ್ರೇಕ್ಷಕರು ಸೇರಿದ್ದರು. ಆ ಉತ್ಸಾಹದ ಬೆನ್ನಿಗೇ 1996ರಲ್ಲಿ ಹತ್ತು ತಂಡಗಳ ಮೇಜರ್ ಲೀಗ್ ಸಾಕರ್ ಆರಂಭವಾಯಿತು. ವಿಮೆಯ ಏಜೆಂಟರಾಗಿದ್ದ ನಮ್ಮ ನಿರ್ದೇಶಕರು ಆಗ ನಲವತ್ತರ ವಯಸ್ಸಿನಲ್ಲಿ ಈ ಕೆಲಸಕ್ಕೆ ಬಂದರು. ಒಂದು ಮೇಜು, ಒಂದು ದೂರವಾಣಿ, ಹೆಸರುಗಳ ಒಂದು ಉದ್ದನೆಯ ಪಟ್ಟಿ: ಅವರ ಬಂಡವಾಳ ಇಷ್ಟೇ. ದಿನಕ್ಕೆ ನೂರು ಮನೆಗಳಿಗೆ ಕರೆ ಮಾಡಿದರೆ ತೊಂಬತ್ತಕ್ಕೂ ಹೆಚ್ಚು ಮನೆಗಳಿಂದ ಬರುತ್ತಿದ್ದುದು “ಬೇಡ” ಎಂಬ ಉತ್ತರ.

ಮೊದಲ ವರ್ಷದ ಉತ್ಸಾಹ ಬಹುಕಾಲ ನಿಲ್ಲಲಿಲ್ಲ. 1996ರಲ್ಲಿ ಪಂದ್ಯವೊಂದಕ್ಕೆ ಸರಾಸರಿ 17 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರೆ, 2000ರ ವೇಳೆಗೆ ಆ ಸಂಖ್ಯೆ 14 ಸಾವಿರಕ್ಕಿಂತ ಕೆಳಗಿಳಿಯಿತು. 2002ರ ಜನವರಿಯಲ್ಲಿ ಫ್ಲಾರಿಡಾದ ಎರಡು ತಂಡಗಳು ಮುಚ್ಚಿಯೇ ಹೋದವು. ದೂರದರ್ಶನದಿಂದ ಹೇಳಿಕೊಳ್ಳುವಂಥ ಆದಾಯವಿರದ ಆ ಕಾಲದಲ್ಲಿ ತಂಡದ ಉಸಿರು ನಿಂತಿದ್ದುದು ಬಾಗಿಲಲ್ಲಿ ಸಂಗ್ರಹವಾಗುವ ಹಣದ ಮೇಲೆ. ಅಂಗಡಿಯ ಅಕ್ಕಿ ಇಂದು ಮಾರದಿದ್ದರೆ ನಾಳೆಗೆ ಉಳಿಯುತ್ತದೆ. ಆದರೆ ಇಂದಿನ ಪಂದ್ಯದ ಖಾಲಿ ಕುರ್ಚಿಯನ್ನು ನಾಳೆ ಯಾರೂ ಕೊಳ್ಳಲಾರರು. ಅದು ಸಂಜೆಯಾದ ಮೇಲೆ ಬುಟ್ಟಿಯಲ್ಲಿ ಉಳಿದ ಮಲ್ಲಿಗೆಯಂತೆ.

ಹಾಗಾದರೆ ಹೇಗಾದರೂ ಮಾಡಿ ತುಂಬಿಸಿದರಾಯಿತಲ್ಲವೇ ಎಂದು ಕೇಳಬಹುದು. ನಿರ್ದೇಶಕರ ವ್ಯಕ್ತಿತ್ವ ನನಗೆ ತಿಳಿದದ್ದು ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರದಿಂದಲೇ. ಒಮ್ಮೆ ದೂರದರ್ಶನದಲ್ಲಿ ಪ್ರಸಾರವಾಗಲಿದ್ದ ಪಂದ್ಯಕ್ಕೆ ಐದು ಸಾವಿರ ಉಚಿತ ಪಾಸುಗಳನ್ನು ಹಂಚುವಂತೆ ಮೇಲಿನವರಿಂದ ಆಜ್ಞೆ ಬಂದಿತಂತೆ. ಅವರು ಒಪ್ಪಲಿಲ್ಲ. ವರ್ಷದ ಆರಂಭದಲ್ಲಿಯೇ ಹಣ ತೆತ್ತು ಸೀಸನ್ ಟಿಕೆಟು ಕೊಂಡವನ ಪಕ್ಕದಲ್ಲಿ ಪುಕ್ಕಟೆಯಾಗಿ ಬಂದವನನ್ನು ಕೂಡಿಸಿದರೆ, ಹಣ ಕೊಟ್ಟವನಿಗೆ ಅದು ಅಪಮಾನವಲ್ಲವೇ? ಬಿಟ್ಟಿ ಸಿಕ್ಕ ಟಿಕೆಟಿಗೆ ಬೆಲೆಯಿಲ್ಲ. ಮಳೆಯ ಮೋಡ ಕಂಡರೆ ಸಾಕು, ಅವನು ಮನೆಯಲ್ಲಿಯೇ ಉಳಿಯುತ್ತಾನೆ. ಮುಂದೆ ಹಣ ಕೊಡುವುದಂತೂ ದೂರದ ಮಾತು. ಇದನ್ನು ಅವರು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಟ್ಟರು. ಕೆಲಸ ಹೋಗುವ ಅಂಚಿಗೆ ಬಂದಿತು, ಹೋಗಲಿಲ್ಲ. ನಾಟಕ ಕಂಪನಿಗಳ ಕಾಲವನ್ನು ಕಂಡ ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಪಾಸಿನವರ ಕಾಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪ್ರಸಂಗ. ನಾಲ್ಕು ಮಕ್ಕಳ ತಂದೆಯಾದ ಕಾರ್ಖಾನೆಯ ಕೆಲಸಗಾರನೊಬ್ಬ ಇಡೀ ವರ್ಷದ ಟಿಕೆಟು ಕೊಳ್ಳಲು ಮುಂದಾದ. ನಿರ್ದೇಶಕರು ಅವನ ಪಾಳಿಯ ವೇಳೆಯನ್ನು ವಿಚಾರಿಸಿದರು. ತವರಿನ ಪಂದ್ಯಗಳಲ್ಲಿ ಅವನು ಐದಕ್ಕಷ್ಟೇ ಬರಬಲ್ಲ ಎಂದು ತಿಳಿಯಿತು. ಐದೇ ಪಂದ್ಯಗಳ ಟಿಕೆಟು ಕೊಟ್ಟು ಕಳುಹಿಸಿದರು. ಮುಂದೆ ಆ ಮನುಷ್ಯ ಹನ್ನೊಂದು ವರ್ಷ ತಪ್ಪದೆ ಬಂದ. ತನ್ನ ಜೊತೆಗಾರರನ್ನೂ ಕರೆತಂದ. “ಬೇಡದ್ದನ್ನು ಮಾರಿದರೆ ಈ ವರ್ಷದ ಹಣ ಬರುತ್ತದೆ, ಮುಂದಿನ ವರ್ಷದ ಮನುಷ್ಯ ಬರುವುದಿಲ್ಲ” ಎಂಬುದು ಅವರ ಮಾತಿನ ತಾತ್ಪರ್ಯ.

ನಾನಿದ್ದ ಆ ದಿನಗಳಲ್ಲಿ ಕೊಲಂಬಸ್ಸಿನ ಅನೇಕ ಮನೆಗಳ ಮುಂದೆ ತಂಡವನ್ನು ಉಳಿಸಿ ಎಂಬ ಫಲಕಗಳಿದ್ದವು. ಆ ನಗರದ ಕೊಲಂಬಸ್ ಕ್ರ್ಯೂ ತಂಡವನ್ನು ಟೆಕ್ಸಾಸಿನ ಆಸ್ಟಿನ್ನಿಗೆ ಒಯ್ಯಬಹುದೆಂಬ ಸುದ್ದಿ 2017ರ ಅಕ್ಟೋಬರಿನಲ್ಲಿ ಹೊರಬಿದ್ದಿತ್ತು. ಪ್ರೇಕ್ಷಕರ ಸಂಖ್ಯೆ ಸಾಲದೆಂಬುದು ಹೇಳಲಾದ ಕಾರಣಗಳಲ್ಲಿ ಒಂದು. ಸಾಮಾನ್ಯ ಜನರೇ ಒಟ್ಟುಗೂಡಿ, ಹೊಸ ಮಾಲೀಕರು ಬಂದರೆ ನಾವು ಸೀಸನ್ ಟಿಕೆಟು ಕೊಳ್ಳುತ್ತೇವೆ ಎಂದು ಮಾತು ಕೊಡತೊಡಗಿದರು. ಬೇರೆ ತಂಡಕ್ಕೆ ದುಡಿದಿದ್ದ ನಿರ್ದೇಶಕರೂ ತಮ್ಮ ಮತ್ತು ಪತ್ನಿಯ ಹೆಸರು ಬರೆಯಿಸಿದ್ದರು. 2018ರ ಕೊನೆಯಲ್ಲಿ ಸ್ಥಳೀಯ ಕುಟುಂಬವೊಂದನ್ನು ಒಳಗೊಂಡ ಹೊಸ ಮಾಲೀಕರು ಮುಂದೆ ಬಂದರು. ತಂಡ ಊರಿನಲ್ಲಿಯೇ ಉಳಿಯಿತು. 2021ರಲ್ಲಿ ಹೊಸ ಮೈದಾನವೂ ಆಯಿತು. ಕುರ್ಚಿಯ ಲೆಕ್ಕ ಬರಿಯ ಹಣದ ಲೆಕ್ಕವಲ್ಲ, ತಮ್ಮದೆಂಬ ಅಭಿಮಾನದ ಲೆಕ್ಕವೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇದನ್ನೆಲ್ಲ ಬರೆಯಲು ಮನೆಯ ಕಾರಣವೂ ಒಂದಿದೆ. ಅದೇ ವರ್ಷ ಪದವಿ ಮುಗಿಸಿದ ನನ್ನ ಮೊಮ್ಮಗ ಫುಟ್ಬಾಲ್ ತಂಡವೊಂದರ ಟಿಕೆಟು ಮಾರಾಟದ ಕೆಲಸಕ್ಕೆ ಸೇರುತ್ತೇನೆಂದ. ಅಳಿಯಂದಿರು ಕಳವಳಗೊಂಡರು. “ಮಾವನವರೇ, ಇಷ್ಟು ಓದಿಸಿದ್ದು ಟಿಕೆಟು ಮಾರಲಿಕ್ಕೆಯೇ? ನಾಲ್ಕು ಜನರಿಗೆ ಏನೆಂದು ಹೇಳಲಿ?” ಎಂದರು. ಮಗಳು ಎರಡು ದಿನ ಮಗನೊಡನೆ ಮಾತನಾಡಲಿಲ್ಲ. ನಾನು ಹುಡುಗನನ್ನು ನಿರ್ದೇಶಕರ ಬಳಿಗೆ ಕರೆದುಕೊಂಡು ಹೋದೆ.

ಅವರು ಹುಡುಗನನ್ನು ಹುರಿದುಂಬಿಸಲಿಲ್ಲ. ಆರಂಭದ ಸಂಬಳ ಅಲ್ಪ. ಊರೆಲ್ಲ ರಜೆಯಲ್ಲಿರುವ ಶನಿವಾರ ಸಂಜೆಯೇ ನಿನಗೆ ದುಡಿಮೆ. ಜೊತೆಗೆ ಸೇರಿದವರಲ್ಲಿ ಹಲವರು ಎರಡು ವರ್ಷದೊಳಗೆ ಬಿಟ್ಟು ಹೋಗುತ್ತಾರೆ ಎಂದು ಒಂದೊಂದಾಗಿ ಹೇಳಿದರು. ಮಾರುವ ವಿದ್ಯೆಗೂ ಶಿಕ್ಷಣ ಬೇಕೆಂದು ಲೀಗಿನವರೇ 2010ರಲ್ಲಿ ಮಿನ್ನೆಸೋಟ ರಾಜ್ಯದ ಬ್ಲೇನ್ ಎಂಬಲ್ಲಿ ತರಬೇತಿ ಕೇಂದ್ರವನ್ನು ತೆರೆದಿದ್ದನ್ನೂ ತಿಳಿಸಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಬೇಡ ಎಂದವನಿಗೆ ಮರುದಿನ ಅದೇ ನಗುಮುಖದಿಂದ ನಮಸ್ಕಾರ ಹೇಳಬಲ್ಲೆಯಾ?” ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಅನಂತರ, “ಅಜ್ಜಾ, ಕಲಿಯುತ್ತೇನೆ” ಎಂದು ನನ್ನತ್ತ ನೋಡಿ ಹೇಳಿದ.

ಅವನು ಇಂದಿಗೂ ಅದೇ ಕೆಲಸದಲ್ಲಿದ್ದಾನೆ. ಅವನ ಓರಗೆಯವರು ಕಂಪ್ಯೂಟರ್ ಕ್ಷೇತ್ರದಲ್ಲಿ ಅವನಿಗಿಂತ ಬಹಳ ಹೆಚ್ಚು ಗಳಿಸುತ್ತಾರೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಸಾವಿರ ಮನೆಗಳವರ ಹೆಸರು, ಅವರ ಮಕ್ಕಳ ಹೆಸರು ಅವನಿಗೆ ಬಾಯಿಪಾಠ. ನಮ್ಮ ಮನೆಗಳಲ್ಲಿ ಮಕ್ಕಳ ಉದ್ಯೋಗದ ಮಾತು ಬಂದಾಗ ಸಂಬಳವೆಷ್ಟು, ಹುದ್ದೆಯೇನು ಎಂದು ಕೇಳುವುದು ಸಹಜ. ಅದರ ಜೊತೆಗೆ, ಆ ಕೆಲಸದಲ್ಲಿ ನೇರವಾಗಿ ನಡೆದುಕೊಳ್ಳಲು ಎಡೆಯಿದೆಯೇ ಎಂದೂ ಕೇಳುವಂತಾಗಲಿ.

ಅಳಿಯಂದಿರು ಈಗ ವರ್ಷಕ್ಕೆ ನಾಲ್ಕಾರು ಪಂದ್ಯಗಳಿಗೆ ಹೋಗುತ್ತಾರಂತೆ. ಮಗ ಪಾಸು ಕೊಡುವುದಿಲ್ಲ, ಇವರೂ ಕೇಳುವುದಿಲ್ಲ. ಸಾಲಿನಲ್ಲಿ ನಿಂತು, ಹಣ ಕೊಟ್ಟು, ಟಿಕೆಟು ಪಡೆದೇ ಒಳಗೆ ಹೋಗುತ್ತಾರೆ.