ಗೋಪುರ ಏರಿದ 16 ಎತ್ತುಗಳು

ಯುರೋಪಿನ ಹಳೆಯ ಚರ್ಚುಗಳಲ್ಲಿ ಪ್ರಾಣಿಗಳಿಗೇನೂ ಬರ ಇಲ್ಲ. ಬಾಗಿಲ ಪಕ್ಕ ಸಿಂಹ, ಕಂಬದ ತಲೆಯಲ್ಲಿ ಹಕ್ಕಿ, ಸೂರಿನ ಅಂಚಲ್ಲಿ ಬಾಯಿ ತೆರೆದ ವಿಕಾರ ಮೃಗ. ಪ್ಯಾರಿಸ್ಸಿನ ನಾತ್ರ್ ದಾಮ್ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಊರು ನೋಡ್ತಾ ಕೂತಿರುವ ಕೊಂಬಿನ ಭೂತದ ಫೋಟೋ ನೀವೂ ನೋಡಿರ್ತೀರಿ. (ಅದು ಅಷ್ಟೇನೂ ಹಳೆಯದಲ್ಲ. 19ನೇ ಶತಮಾನದ ಜೀರ್ಣೋದ್ಧಾರದಲ್ಲಿ ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ಸೇರಿಸಿದ್ದು.)

ಆದರೆ ನನಗೆ ಇಷ್ಟವಾದ ಪ್ರಾಣಿಗಳು ಪ್ಯಾರಿಸ್‌ನಲ್ಲಿಲ್ಲ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದ ಒಂದು ಸಣ್ಣ ಊರಲ್ಲಿವೆ. ಊರಿನ ಹೆಸರು ಬರೆಯುವಾಗ ಲಾವೋನ್, ಕರೆಯುವಾಗ ಲಾಂ.

ಗಾರ್ ದ್ಯು ನೋರ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನ ದಾರಿ. ಸಪಾಟು ಹೊಲಗಳ ನಡುವೆ ಇದ್ದಕ್ಕಿದ್ದಂತೆ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಕೆಥೆಡ್ರಲ್. ಬಯಲಿಂದ ಸುಮಾರು 100 ಮೀಟರ್ ಎತ್ತರ. ನಿಲ್ದಾಣ ಕೆಳಗೆ, ಹಳೇ ಊರು ಮೇಲೆ. ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದೆ. ಅರ್ಧಕ್ಕೇ ಏದುಸಿರು. ಈಗನಿಸುತ್ತೆ, ಈ ಕಟ್ಟಡ ಅರ್ಥವಾಗಬೇಕಾದರೆ ಆ ಏರು ಹತ್ತಲೇಬೇಕು.

ಮೇಲೆ ಹೋಗಿ, ಮುಂಬಾಗಿಲ ಎದುರಿನ ಚೌಕದಲ್ಲಿ ನಿಂತು ಕತ್ತೆತ್ತಿ. ಎರಡು ಗೋಪುರಗಳ ತುದಿಯಲ್ಲಿ, ತೆಳ್ಳನೆ ಕಂಬಗಳ ನಡುವಿಂದ ಎತ್ತುಗಳು ಇಣುಕ್ತಾ ಇರ್ತವೆ. ಒಟ್ಟು 16. ರೆಕ್ಕೆ ಇಲ್ಲ, ಕೋರೆಹಲ್ಲಿಲ್ಲ. ಕೊಟ್ಟಿಗೆಯಿಂದ ತಲೆ ಹೊರಗೆ ಹಾಕಿದ ಹಾಗೆ ಕೆಳಗಿನ ಬಯಲು ನೋಡ್ತಾ ನಿಂತಿವೆ, ಅಷ್ಟೇ.

ಇವು ಯಾಕೆ ಅಲ್ಲಿವೆ?

ಉಳಿದ ಚರ್ಚುಗಳ ಪ್ರಾಣಿಗಳಿಗೆ ಸಾಮಾನ್ಯವಾಗಿ ಒಂದು ಡ್ಯೂಟಿ ಇರುತ್ತೆ. ಗಾರ್ಗಾಯ್ಲ್ ಅಂದರೆ ಮಳೆನೀರಿನ ದೋಣಿ. ಫ್ರೆಂಚ್‌ನಲ್ಲಿ ಆ ಹೆಸರಿನ ಮೂಲದಲ್ಲಿರೋದು ಗಂಟಲು. ಮಾಡಿನ ನೀರನ್ನು ಗೋಡೆಯಿಂದ ದೂರಕ್ಕೆ ಉಗುಳಿ, ಕಲ್ಲಿನ ಸಂದಿಯ ಗಾರೆ ಕೊಚ್ಚಿಹೋಗದಂತೆ ಕಾಯೋದು ಅದರ ಕೆಲಸ. ಇನ್ನು ಸಿಂಹ, ಕುರಿಮರಿ ಇವೆಲ್ಲ ಸಂಕೇತಗಳು. ಸಿಂಹವನ್ನು ತೋರಿಸಿ ಇನ್ನೇನನ್ನೋ ಹೇಳುವುದು. ಈ ಅಲಂಕಾರ ಎಲ್ಲರಿಗೂ ಹಿಡಿಸಿರಲೂ ಇಲ್ಲ. 1125ರ ಸುಮಾರಿಗೆ ಸಂತ ಬರ್ನಾರ್ಡ್, ಮಠಗಳಲ್ಲಿ ಈ ಕೋತಿ, ಸಿಂಹ, ಅರ್ಧ ಮನುಷ್ಯ ಅರ್ಧ ಮೃಗಗಳಿಗೆ ಏನು ಕೆಲಸ ಅಂತ ಬೈದಿದ್ದರು. ನಾಚಿಕೆ ಆಗದಿದ್ದರೆ ಖರ್ಚನ್ನಾದರೂ ನೋಡಿ ಅನ್ನೋದು ಅವರ ವಾದ!

ಲಾಂ ಎತ್ತುಗಳು ಈ ಎರಡೂ ಲೆಕ್ಕಕ್ಕೆ ಬರಲ್ಲ. ಅವು ನೀರು ಉಗುಳಲ್ಲ. ಸುವಾರ್ತೆ ಬರೆದ ಸಂತ ಲೂಕನ ಗುರುತು ಎತ್ತು, ನಿಜ. ಆದರೆ ಅದಕ್ಕೆ ಒಂದು ಸಾಕಿತ್ತು, 16 ಬೇಕಿರಲಿಲ್ಲ.

ಊರಿನ ನೆನಪು ಹೇಳುವ ಕಥೆ ಬೇರೆ. 1112ರಲ್ಲಿ ಇಲ್ಲಿ ದಂಗೆ ಆಯ್ತು. ಊರವರು ದುಡ್ಡು ಕೊಟ್ಟು ಪಡೆದ ಸ್ವಯಮಾಡಳಿತದ ಹಕ್ಕನ್ನು ಬಿಷಪ್ ಗೋದ್ರಿ ರದ್ದು ಮಾಡಿಸಿದ್ದ. ಜನ ಅವನನ್ನು ಕೊಂದರು. ಬೆಂಕಿ ಕೆಥೆಡ್ರಲ್‌ಗೂ ಹಬ್ಬಿತು. ಆಮೇಲೆ ದುರಸ್ತಿಗೆ ಗುಡ್ಡದ ಮೇಲೆ ಸಾಮಾನು ಸಾಗಿಸುವಾಗ, ಏರಿನಲ್ಲಿ ಒಂದು ಎತ್ತು ಕುಸಿದು ಬಿತ್ತಂತೆ. ಗಾಡಿಯವನು ಕಂಗಾಲಾಗಿ ನಿಂತಾಗ ಎಲ್ಲಿಂದಲೋ ಇನ್ನೊಂದು ಎತ್ತು ಓಡಿ ಬಂದು ನೊಗಕ್ಕೆ ಹೆಗಲು ಕೊಟ್ಟಿತಂತೆ. ಹೊರೆ ಮೇಲೆ ಮುಟ್ಟಿದ ಮೇಲೆ, ಯಾರೂ ಅಟ್ಟದೆ ತಾನೇ ವಾಪಸ್ ಹೊರಟುಹೋಯಿತಂತೆ. ಆ ಕಾಲದಲ್ಲೇ ಬದುಕಿದ್ದ ಗಿಬೇರ್ ದ ನೋಜಾಂ ಎಂಬ ಸನ್ಯಾಸಿ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ನನ್ನಜ್ಜ ಗಾಡಿ ಹೊಡೆಯುತ್ತಿದ್ದರು. ಏರು ಬಂತೆಂದರೆ ತಾವೇ ಇಳಿದು ಪಕ್ಕದಲ್ಲಿ ನಡೀತಿದ್ದರು, ಎತ್ತಿಗೆ ಒಬ್ಬರ ಭಾರವಾದರೂ ಇಳಿಯಲಿ ಅಂತ. ಹಾಗಾಗಿ ಪವಾಡದ ಎತ್ತಿಗಿಂತ ಕುಸಿದು ಬಿದ್ದ ಎತ್ತಿನ ಬಗ್ಗೆಯೇ ನನಗೆ ಹೆಚ್ಚು ಕುತೂಹಲ. ಅದು ಏನಾಯ್ತು?

ಈಗ ನಾವು ನೋಡುವ ಕಟ್ಟಡ ಶುರುವಾದದ್ದು 1150ರ ದಶಕದ ಕೊನೆಯ ಹೊತ್ತಿಗೆ. ಮುಗಿಯಲು ಮುಕ್ಕಾಲು ಶತಮಾನವೇ ಹಿಡಿಯಿತು. ಅಷ್ಟೂ ವರ್ಷ ಇದೇ ಏರು, ಇದೇ ಗಾಡಿ. ಇಲ್ಲೇ ನನಗೆ ಶಿಲ್ಪಿಗಳ ಲೆಕ್ಕ ಹಿಡಿಸಿತು. ಕಥೆಯಲ್ಲಿರುವ ಪವಾಡದ ಎತ್ತು ಒಂದೇ. ಗೋಪುರದಲ್ಲಿ 16. ಅಂದರೆ ದಿನಾ ಬೆಳಗಾದರೆ ನೊಗಕ್ಕೆ ಕತ್ತು ಕೊಟ್ಟ ಮಾಮೂಲಿ ಎತ್ತುಗಳಿಗೂ ಅಲ್ಲಿ ಜಾಗ ಸಿಕ್ಕಿದೆ. ಅದೂ ಎಲ್ಲಿ? ಮೂಲೆಯಲ್ಲಲ್ಲ, ಇಡೀ ಬಯಲಿಗೇ ಕಾಣುವ ತುದಿಯಲ್ಲಿ. ಈ ಕೆಥೆಡ್ರಲ್ ವಿನ್ಯಾಸ ಮಾಡಿದವರ ಹೆಸರೇ ಉಳಿದಿಲ್ಲ. ಕಲ್ಲು ಕೆತ್ತಿದವರದ್ದೂ ಇಲ್ಲ. ಅವರು ತಮ್ಮ ಮುಖ ಅಲ್ಲಿ ಕೂರಿಸಲಿಲ್ಲ, ಜೊತೆಗೆ ದುಡಿದವರ ಮುಖ ಕೂರಿಸಿದರು. ಪ್ರಾಜೆಕ್ಟ್ ಮುಗಿದಾಗ ಕ್ರೆಡಿಟ್ ಯಾರಿಗೆ ಹೋಗುತ್ತೆ ಅಂತ ಆಫೀಸಿನಲ್ಲಿ ನೋಡಿರುವ ನಮಗೆ ಇದು ಸಣ್ಣ ವಿಷಯ ಅಲ್ಲ.

13ನೇ ಶತಮಾನದಲ್ಲಿ ವಿಲಾರ್ ದ ಒನ್ನೆಕೂರ್ ಎಂಬ ಅಲೆಮಾರಿ ಈ ಗೋಪುರವನ್ನು ಎತ್ತುಗಳ ಸಮೇತ ತನ್ನ ಪುಸ್ತಕದಲ್ಲಿ ಬಿಡಿಸಿಕೊಂಡ. ಬಹಳ ಊರು ಸುತ್ತಿದವನು, ಇಂಥ ಗೋಪುರ ಬೇರೆಲ್ಲೂ ಕಂಡಿಲ್ಲ ಅಂತ ಪಕ್ಕದಲ್ಲೇ ಬರೆದ. ಆ ಪುಸ್ತಕ ಇವತ್ತಿಗೂ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಪ್ಯಾರಿಸ್‌ಗೆ ಹೋದರೆ ಒಂದು ದಿನ ಲಾಂಗೆ ಇಟ್ಟುಕೊಳ್ಳಿ. ಮೊದಲೆಲ್ಲ ಮೇಲಕ್ಕೆ ಕರೆದೊಯ್ಯುತ್ತಿದ್ದ ಕೇಬಲ್ ಬಂಡಿ 2016ರಲ್ಲಿ ನಿಂತಿದೆ. ಮೆಟ್ಟಿಲಲ್ಲೇ ಹತ್ತಿ. ಫೋನ್ ಕ್ಯಾಮೆರಾ ಝೂಮ್ ಮಾಡಿ ಒಂದೊಂದೇ ಮುಖ ಹುಡುಕಿ. ಆಮೇಲೆ ಕೋಟೆಗೋಡೆಯ ಅಂಚಿಗೆ ಬಂದು ಅವು ನೋಡುವ ಕಡೆಗೇ ನೋಡಿ. ಹೊಲ, ರಸ್ತೆ, ಮತ್ತೆ ಹೊಲ. ಕಲ್ಲು ಬಂದದ್ದು ಆ ಕೆಳಗಿನಿಂದ, ಒಂದೊಂದೇ ಗಾಡಿಯಾಗಿ.