ಅಗ್ಗದ ಅಂಗಡಿ ಯಾವುದು?

ಪ್ರಥಮ ಪಿಯುಸಿಯ ಬಿಸಿನೆಸ್ ಸ್ಟಡೀಸ್‌ನಲ್ಲಿ ಆಂತರಿಕ ವ್ಯಾಪಾರದ ಪಾಠ ಓದಿದವರಿಗೆ ಚೈನ್ ಸ್ಟೋರ್‌ಗಳ ಅನುಕೂಲಗಳು ನೆನಪಿರಬಹುದು. ಅವುಗಳಲ್ಲಿ ಒಂದು: ಮಾರಾಟವೆಲ್ಲ ನಗದಿನಲ್ಲೇ ನಡೆಯುವುದರಿಂದ ವಸೂಲಾಗದ ಸಾಲದ ನಷ್ಟವಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆದು ನಾನೂ ಅಂಕ ತೆಗೆದುಕೊಂಡಿದ್ದೇನೆ.

ರಂಜಾನ್ ಸಾಮಾನು ತರಬೇಕಿತ್ತು. ಅಮ್ಮಿಯ ಜೊತೆ ದಾವಣಗೆರೆಯ ಎರಡು ಸೂಪರ್ ಮಾರ್ಕೆಟ್ ಮತ್ತು ನಮ್ಮ ಗಲ್ಲಿಯ ಚಾಚಾ ಅವರ ಕಿರಾಣಿ ಅಂಗಡಿ, ಮೂರನ್ನೂ ನೋಡಿ ಬಂದೆ. ಹೆಸರು ಬರೆಯುವುದಿಲ್ಲ, ಪುಕ್ಕಟೆ ಜಾಹೀರಾತು ಯಾರಿಗೂ ಬೇಡ.

ಬೆಲೆಯಲ್ಲಿ ಸೂಪರ್ ಮಾರ್ಕೆಟ್ ಮುಂದೆ, ಅನುಮಾನವಿಲ್ಲ. ಎಂಆರ್‌ಪಿ ಎಂದರೆ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಲು ಯಾರ ಅಡ್ಡಿಯೂ ಇಲ್ಲ. ಸೋಪು, ಎಣ್ಣೆ, ಸೇಮಿಗೆ ಎಲ್ಲ ಅಲ್ಲಿ ಕಡಿಮೆ. ಪೊಟ್ಟಣದ ಮೇಲೆ ಈಗ ಒಂದು ಗ್ರಾಂಗೆ ಎಷ್ಟು ಎಂದೂ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಅದನ್ನು ನೋಡಿ. ಆದರೆ ಅದು ಎಂಆರ್‌ಪಿ ಮೇಲಿನ ಲೆಕ್ಕ, ರಿಯಾಯಿತಿ ಕಳೆದು ನಾವೇ ಭಾಗಿಸಬೇಕು. ಎರಡು ಕೊಂಡರೆ ಒಂದು ಉಚಿತ ಎಂದರೆ ಮೂರನೇ ಒಂದು ಭಾಗ ಉಳಿತಾಯ, ಮೂರೂ ಬೇಕಾದವರಿಗೆ ಮಾತ್ರ. ಐದು ಲೀಟರಿನ ಎಣ್ಣೆ ಕ್ಯಾನು ಲೀಟರ್ ಲೆಕ್ಕದಲ್ಲಿ ಇನ್ನೂ ಅಗ್ಗ. ಅಮ್ಮಿ ಅದನ್ನು ಎತ್ತಿ ನೋಡಿ, ವಾಪಸ್ ಇಟ್ಟು, ಒಂದು ಲೀಟರಿನ ಪ್ಯಾಕೆಟ್ ತಗೊಂಡರು. ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ, ಬಟವಾಡೆ ವಾರಕ್ಕೊಮ್ಮೆ. ಕ್ಯಾನಿನ ಅಗ್ಗ ತಿಂಗಳ ದುಡ್ಡು ಒಟ್ಟಿಗೆ ಕೈಗೆ ಬರುವವರದು.

ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸ್ಕತ್ತಿಗೇ ಒಂದು ಸಾಲು ಕಪಾಟಿದೆ, ನನ್ನ ತಮ್ಮ ಅಲ್ಲಿಂದ ಕದಲಲೇ ಇಲ್ಲ.

ಗುಣಮಟ್ಟದ ವಿಷಯ ಬೇರೆ. ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿದ್ದರೆ ಸಾಕು ಎನ್ನುತ್ತದೆ ನಿಯಮ. ಅಮ್ಮಿ ಓದುವುದು ಉರ್ದು, ಸ್ವಲ್ಪ ಕನ್ನಡ. ಹಾಗಾಗಿ ತಾರೀಕು ಬಿಟ್ಟರೆ ಉಳಿದದ್ದನ್ನು ನಾನೇ ಓದಿ ಹೇಳಬೇಕು. ಚಾಚಾ ಅಂಗಡಿಯಲ್ಲಿ ಅವರಿಗೆ ನನ್ನ ಅಗತ್ಯವಿಲ್ಲ. ಮೂಟೆಯಿಂದ ನಾಲ್ಕು ಕಾಳು ಅಕ್ಕಿ ತೆಗೆದು ಬಾಯಿಗೆ ಹಾಕಿಕೊಂಡರೆ ಹಳೆಯದೋ ಹೊಸದೋ ಗೊತ್ತಾಗುತ್ತದೆ. ಇನ್ನೊಂದು ವಿಷಯ: 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ ಪೊಟ್ಟಣಕ್ಕೆ ಶೇ. 5 ಜಿಎಸ್‌ಟಿ ಇದೆ, ಬಿಡಿ ಅಕ್ಕಿಗೆ ಇಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಆಟೋ ಬಾಡಿಗೆ ಕಳೆದರೂ ಎಲ್ಲವನ್ನೂ ಸೂಪರ್ ಮಾರ್ಕೆಟ್‌ನಲ್ಲೇ ತಂದರೆ ಉಳಿತಾಯವಿತ್ತು. ಹಾಗೇ ಮಾಡೋಣ, ದುಡ್ಡು ಸಾಲದ ವಾರ ಚಾಚಾ ಹತ್ತಿರ ಉದ್ರಿ ತರೋಣ ಎಂದೆ.

ಅಮ್ಮಿ ಕೊತ್ತಂಬರಿ ಬಿಡಿಸುತ್ತಲೇ ಕೇಳಿದರು: "ನಗದು ಅಲ್ಲಿ, ಉದ್ರಿ ಇಲ್ಲಿ. ಎಲ್ಲರೂ ಹಿಂಗೇ ಮಾಡಿದ್ರೆ ಚಾಚಾ ಮಂಡಿಯವರಿಗೆ ಏನು ಕೊಡ್ತಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಭಟ್ಟಿ ಬಂದ್ ಆಗಿದ್ದಾಗ ನಮ್ಮ ಮನೆಗೆ ಅಕ್ಕಿ, ಬೇಳೆ ಬಂದದ್ದು ಅವರ ಉದ್ರಿ ಪುಸ್ತಕದ ಮೇಲೆ. ಅದನ್ನು ತೀರಿಸಲು ನಮಗೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಪಾಠದಲ್ಲಿ ಹೇಳಿದ ವಸೂಲಾಗದ ಸಾಲ ಚೈನ್ ಸ್ಟೋರ್‌ಗೆ ಇಲ್ಲ ಎಂದರೆ, ಅದರ ಭಾರ ಹೊರುವವರು ನಮ್ಮ ಗಲ್ಲಿಯಲ್ಲೇ ಇದ್ದಾರೆ.

ಈಗ ಸೋಪು, ಎಣ್ಣೆ ಬಟವಾಡೆಯ ದಿನ ಸೂಪರ್ ಮಾರ್ಕೆಟ್‌ನಿಂದ ಬರುತ್ತವೆ. ಅಕ್ಕಿ, ಬೇಳೆ, ಸಕ್ಕರೆ ಚಾಚಾ ಹತ್ತಿರ, ದುಡ್ಡಿದ್ದ ವಾರ ನಗದು ಕೊಟ್ಟು. ಖರ್ಜೂರದ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ: ಅಬ್ಬಾಗೆ ಸೂಪರ್ ಮಾರ್ಕೆಟ್‌ನ ಡಬ್ಬಿಯದು ಇಷ್ಟ, ಅಮ್ಮಿಗೆ ತಿಂದು ನೋಡದೆ ತರಲು ಮನಸ್ಸಿಲ್ಲ.