ಹಿಂದಿನ ಸೀಟಿನವನು

ಅಕ್ಕನ ಮಗನಿಗೆ ಹೋದ ತಿಂಗಳು 18 ತುಂಬಿತು. ಪಾಯಸದ ಬಟ್ಟಲು ಕೆಳಗಿಡುವ ಮೊದಲೇ ಎಲ್‌ಎಲ್‌ಆರ್ ಮಾತೆತ್ತಿದ. ಅಕ್ಕ ದೇವರ ಪಟದ ಕಡೆ ನೋಡಿದಳು, ಭಾವ ನನ್ನ ಕಡೆ ನೋಡಿದರು. ಅಲ್ಲಿಗೆ ಗುರುವಿನ ಪಟ್ಟ ನನ್ನ ತಲೆಗೆ ಬಿತ್ತು.

ಹುಡುಗ ಎರಡು ವರ್ಷದಿಂದ, "16ಕ್ಕೇ ಲೈಸೆನ್ಸ್ ಕೊಡ್ತಾರಂತಲ್ಲ ಮಾವ" ಎಂದು ಪೀಡಿಸುತ್ತಿದ್ದ. ಕೊಡುತ್ತಾರೆ, ಸುಳ್ಳಲ್ಲ. ಆದರೆ ಅದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ; ಅಂದರೆ ನಮ್ಮ ಕಾಲದ ಮೊಪೆಡ್ಡಿಗೆ. ಅಕ್ಕನ ಮನೆಯ ಸ್ಕೂಟರು 110. ಇನ್ನು ಭಾವನಿಗೆ 2019ರ ತಿದ್ದುಪಡಿ ಬಾಯಿಪಾಠ: ವಯಸ್ಸಾಗದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅವರು ಕೀಲಿ ಬಚ್ಚಿಟ್ಟದ್ದು ಮಗನ ಮೇಲಿನ ಪ್ರೀತಿಗೋ ಜೈಲಿನ ಭಯಕ್ಕೋ, ನಾನು ಕೇಳಲು ಹೋಗಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ಮೈದಾನ. "ಮರಳು ಕಂಡರೆ ಬಲಗೈ ಬ್ರೇಕು ಒತ್ತಿ ಹಿಡೀಬೇಡ, ಮುಂದಿನ ಚಕ್ರ ಜಾರತ್ತೆ" ಎಂದೆ. ಹ್ಞೂಂಗುಟ್ಟಿದ. ಎಂಟು ಹೊಡೆದ ನೋಡಿ, ಕಾಲು ನೆಲಕ್ಕೆ ತಾಗಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನೂ ನಾನು ಹೇಳುವ ಮೊದಲೇ 'ಟಕ್' ಎಂದು ಹಾಕಿಕೊಂಡಿದ್ದ. (ಅವರಮ್ಮ ಹೆಲ್ಮೆಟ್ಟನ್ನು ಪೊಲೀಸರು ಕಂಡಾಗ ಮಾತ್ರ ಹಾಕುತ್ತಾಳೆ. ತಿರುವು ಮುಗಿದು ಅರ್ಧ ಮೈಲಿಯಾದರೂ ಅವಳ ಇಂಡಿಕೇಟರ್ ಮಿಣುಕುತ್ತಲೇ ಇರುತ್ತದೆ.) ಮೊಬೈಲಿನ ವಿಷಯವನ್ನು ಅವನಿಗೆ ಗೊತ್ತಾಗುವ ಲೆಕ್ಕದಲ್ಲೇ ಹೇಳಿದೆ: ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಎರಡು ಸೆಕೆಂಡ್ ಮೆಸೇಜ್ ನೋಡಿದೆಯೋ, ಕಣ್ಣು ಮುಚ್ಚಿಕೊಂಡು ಕ್ರಿಕೆಟ್ ಪಿಚ್ಚು ದಾಟಿಬಿಟ್ಟೆ.

ನನಗೇ ಹೆಮ್ಮೆಯಾಯಿತು. ಅಷ್ಟರಲ್ಲಿ ಅವನ ಗೆಳೆಯನೊಬ್ಬ ಬಂದು, ನಾನು ಬೇಡವೆನ್ನುವಷ್ಟರಲ್ಲಿ ಹಿಂದೆ ಹತ್ತಿ ಕೂತ. "ಎಳಿಯೋ ಮಗಾ!" ಅಷ್ಟೇ. ನನ್ನ ಶಿಷ್ಯ ಬೇರೆಯವನೇ ಆಗಿಹೋದ. ಭುಜ ಮೇಲೇರಿತು, ಎಡಗೈ ಹ್ಯಾಂಡಲ್ ಬಿಟ್ಟು ತೊಡೆಗೆ ಬಂತು, ಧೂಳೆದ್ದಿತು. ಎಲ್ ಹಚ್ಚಿಕೊಂಡವನು ಕಲಿಸುವವರನ್ನು ಬಿಟ್ಟು ಇನ್ಯಾರನ್ನೂ ಹಿಂದೆ ಕೂರಿಸಬಾರದೆಂದು ನಿಯಮವಿದೆ. ಬರೆದ ಪುಣ್ಯಾತ್ಮನಿಗೂ ಇಂಥ ಗೆಳೆಯನೊಬ್ಬ ಇದ್ದಿರಬೇಕು. ಹುಡುಗರ ಗಾಡಿ ಓಡುವುದು ಅರ್ಧ ಪೆಟ್ರೋಲಿನಿಂದ, ಇನ್ನರ್ಧ ಹಿಂದಿನವನ ಬಾಯಿಂದ.

ಇಳಿಸಿ ಬೈದೆ. ಬೈಯುವಾಗ ನನ್ನ ಎಡಮೊಣಕಾಲಿನ ಹಳೇ ಗಾಯದ ಗುರುತು ನೆನಪಾಗಿ ದನಿ ಸ್ವಲ್ಪ ತಗ್ಗಿತು. ಕಾಲೇಜಿನ ದಿನಗಳು, ಕೆರೆ ಏರಿಯ ತಿರುವು, ಹಿಂದೆ ನನ್ನ ಗೆಳೆಯ. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂದಿದ್ದ. ನಾನು ಲಂಟಾನ ಪೊದೆಯಲ್ಲಿ ಎದ್ದೆ, ಅವನಿಗೆ ಒಂದು ತರಚೂ ಇಲ್ಲ.

ಅವನು ಈಗ ರಿಟೈರ್ಡು. ಮಂಡಿನೋವು, ಹಾಗಾಗಿ ತರಕಾರಿಗೆ ನನ್ನ ಸ್ಕೂಟರಿನ ಹಿಂದೆಯೇ ಬರುತ್ತಾನೆ. ಮೊನ್ನೆ ಸಿಗ್ನಲ್ಲಿನಲ್ಲಿ ಹಳದಿ ಬಿತ್ತು. ಬೆನ್ನಿಗೊಂದು ತಿವಿದು, "ಹೋಗೋ, ಹೋಗೋ, ಸಿಗತ್ತೆ" ಅಂದ.

ಬಲಗೈ ಆಗಲೇ ತಿರುಗಿತ್ತು.